ಸಹರಿಗೆ ಎಬ್ಬಿಸಿದ ಪೋಲ್ಯೊಟ್: ಅಲಾರಾಂ ಕೈಗಡಿಯಾರ ರಿಪೇರಿಯಲ್ಲಿ ನನ್ನ ಅನುಭವ

"ಇದು ಇನ್ನು ಬಾರಿಸುವುದಿಲ್ಲ. ಸುಮ್ಮನೆ ಸಮಯ ನೋಡಲು ಇಟ್ಟುಕೊಳ್ಳಲಿ, ಕಾಸು ಕಳೆದುಕೊಳ್ಳಬೇಡ." ಒಂದು ಹಳೆಯ ಅಲಾರಾಂ ಕೈಗಡಿಯಾರ ನೋಡಿ ದಾವಣಗೆರೆ ಚೌಕಿಪೇಟೆಯ ಹಿರಿಯ ರಿಪೇರಿಗಾರರೊಬ್ಬರು ನನಗೆ ಹೇಳಿದ ಮಾತಿದು. ಅವರ ಕೈಯಲ್ಲಿ ಪಳಗಿದವನು ನಾನು, ಎದುರು ಮಾತನಾಡಲಿಲ್ಲ. ಆದರೆ ಈ ವರ್ಷದ ರಂಜಾನಿನಲ್ಲಿ ಆ ಗಡಿಯಾರ ಮೂವತ್ತೂ ದಿನ ಸಹರಿಗೆ, ಅಂದರೆ ಉಪವಾಸಕ್ಕೆ ಮೊದಲಿನ ಬೆಳಗಿನ ಜಾವದ ಊಟಕ್ಕೆ, ಬಾರಿಸಿದ ಮೇಲೆ ಇದನ್ನು ಬರೆಯಲೇಬೇಕು ಅನ್ನಿಸಿತು.

ಗಡಿಯಾರ ಮಂಡಕ್ಕಿ ಭಟ್ಟಿ ನಡೆಸುವ ಸಾಹೇಬರೊಬ್ಬರದು. ಅವರ ತಂದೆ ಕಟ್ಟುತ್ತಿದ್ದ ಪೋಲ್ಯೊಟ್, ಮಾಸ್ಕೋದ ಮೊದಲ ಗಡಿಯಾರ ಕಾರ್ಖಾನೆಯದು, ಒಳಗೆ 2612 ಯಂತ್ರ, 18 ಜ್ಯುವೆಲ್ (ಸವೆತ ತಡೆಯುವ ಪುಟ್ಟ ಕಲ್ಲು). ಸ್ವಿಟ್ಜರ್ಲೆಂಡಿನ ಎಎಸ್ 1475 ಅಲಾರಾಂ ಯಂತ್ರ ಬಿಚ್ಚಿದವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಅದರದೇ ನಕಲು. ಎರಡು ಬ್ಯಾರೆಲ್ (ಸ್ಪ್ರಿಂಗ್ ಸುತ್ತಿಟ್ಟ ಡಬ್ಬಿ), ಎರಡು ಕ್ರೌನ್ (ಕೀ ಕೊಡುವ ಗುಂಡಿ). ಕೆಳಗಿನ ಕ್ರೌನ್ ಸಮಯಕ್ಕೆ, 2ರ ಹತ್ತಿರದ್ದು ಅಲಾರಾಂಗೆ.

"ಮೊಬೈಲ್ ಇದೆಯಲ್ಲ ಸಾಹೇಬರೆ, ಇದೇಕೆ?" ಎಂದು ಕೇಳಿದೆ.

"ನಮ್ಮ ಅಬ್ಬಾ, ಅಂದರೆ ತಂದೆ, ಸಹರಿಗೆ ಏಳುತ್ತಿದ್ದದ್ದು ಇದರ ಸದ್ದಿಗೆ ಅಣ್ಣ. ನನಗೂ ಇದೇ ಎಬ್ಬಿಸಬೇಕು" ಎಂದರು.

1,200 ರೂಪಾಯಿಗೆ ಒಪ್ಪಿಕೊಂಡೆ. ಮೊದಲ ತಪ್ಪು ಅಲ್ಲೇ ಆಯಿತು.

ಬಿಚ್ಚಿದರೆ ಎಣ್ಣೆಯಲ್ಲಿ ಭಟ್ಟಿಯ ಮಸಿ ಕಲಸಿ ಕಾಡಿಗೆಯಂತಾಗಿತ್ತು. ಪೆಟ್ರೋಲಿನಲ್ಲಿ ಮೂರು ಸಲ ತೊಳೆದ ಮೇಲೆಯೇ ಚಕ್ರಗಳ ಹಿತ್ತಾಳೆ ಬಣ್ಣ ಕಂಡದ್ದು. ಸಮಯದ ಕಡೆ ತೊಂದರೆಯೇನೂ ಇರಲಿಲ್ಲ. ಎಣ್ಣೆ ಬಿಟ್ಟು ಕೂರಿಸಿದ ಮೇಲೆ ದಿನಕ್ಕೆ ಒಂದು ನಿಮಿಷದೊಳಗೇ ಓಡಿತು. ಅಲಾರಾಂ ಮಾತ್ರ 'ಕರ್ರ್' ಎಂದು ನಾಲ್ಕೈದು ಸೆಕೆಂಡು ಗೊಣಗಿ ನಿಂತುಬಿಡುತ್ತಿತ್ತು. ಗೋಡೆಯಾಚೆಗಿರಲಿ, ದಿಂಬಿನಾಚೆಗೂ ಕೇಳಿಸುವ ಸದ್ದಲ್ಲ ಅದು.

ಎಲ್ಲರೂ ಸ್ಪ್ರಿಂಗ್ ಸತ್ತಿದೆ ಎಂದರು, ನಾನೂ ನಂಬಿದೆ. ಬೆಂಗಳೂರಿನ ಒಂದು ಅಂಗಡಿಗೆ 700 ರೂಪಾಯಿ ಕಳಿಸಿದರೆ ಸಮಯದ ಬ್ಯಾರೆಲ್ಲಿನ ಸ್ಪ್ರಿಂಗ್ ಬಂತು. ಬದಲಾಯಿಸಿಕೊಳ್ಳಲು ಹನ್ನೆರಡು ದಿನ, ಮೇಲೆ ಕೊರಿಯರ್ ಖರ್ಚು. ಸರಿಯಾದದ್ದನ್ನು ಹಾಕಿದ ಮೇಲೆ ನಾಲ್ಕರ ಬದಲು ಆರು ಸೆಕೆಂಡು ಗೊಣಗಿತು. ಆಮೇಲೆ ಬಡಿದು ಸದ್ದು ಮಾಡುವ ಪುಟ್ಟ ಸುತ್ತಿಗೆಯ ಮೇಲೆ ಅನುಮಾನ ಬಂತು. ಬಿಡಿಭಾಗಕ್ಕೆಂದು ಬೆಂಗಳೂರಿನ ಭಾನುವಾರದ ಸಂತೆಯಲ್ಲಿ ಇನ್ನೊಂದು ಸತ್ತ ಪೋಲ್ಯೊಟ್ ಸಿಕ್ಕಿತು, ಚೌಕಾಸಿ ಮಾಡಿ 1,400ಕ್ಕೆ ತಂದೆ. ಹಿಂಬದಿಯ ಮುಚ್ಚಳವೇ ಇರಲಿಲ್ಲ. ಆಗ ಅದರ ಬೆಲೆ ನನಗೆ ಗೊತ್ತಿರಲಿಲ್ಲ, ನಗುತ್ತ ತಂದೆ. ಅದರ ಸುತ್ತಿಗೆ ಹಾಕಿದೆ, ಅದೇ ಗೊಣಗಾಟ. ಅಲ್ಲಿಗೆ ನಾನು ಒಪ್ಪಿಕೊಂಡದ್ದಕ್ಕಿಂತ ಕೈಯಿಂದ ಹೋದದ್ದೇ ಜಾಸ್ತಿಯಾಗಿತ್ತು.

ನಡುವೆ ಒಂದು ಹುಚ್ಚು ಪ್ರಯೋಗವನ್ನೂ ಮಾಡಿದೆ. 1947ರಲ್ಲಿ ವಲ್ಕೇನ್ ಕಂಪನಿ 'ಕ್ರಿಕೆಟ್' ಎಂಬ ಅಲಾರಾಂ ಕೈಗಡಿಯಾರ ತಂದಿತಲ್ಲ, ಅದಕ್ಕೆ ಎರಡು ಮುಚ್ಚಳ. ಸುತ್ತಿಗೆ ಒಳಗಿನದಕ್ಕೆ ಬಡಿಯುತ್ತದೆ, ಹೊರಗಿನದರಲ್ಲಿ ರಂಧ್ರಗಳಿರುತ್ತವೆ. ಸದ್ದು ಜೀರುಂಡೆಯಂತೆ ಆಚೆ ಬರುತ್ತದೆ, ಹೆಸರೂ ಅದಕ್ಕೇ. ನಾನೂ ಒಂದು ಹಳೆಯ ಸ್ಟೀಲ್ ಮುಚ್ಚಳಕ್ಕೆ ಆರು ರಂಧ್ರ ಕೊರೆದು ಮೇಲೆ ಕೂರಿಸಿದೆ. ಒಂದಿಷ್ಟು ಸದ್ದು ಏರಿದ್ದು ನಿಜ. ಆದರೆ ನನ್ನ ಕೈಗೇ ಕಟ್ಟಿಕೊಂಡು ಎಂಟು ದಿನ ಓಡಾಡಿದಾಗ ಬೆವರು, ಧೂಳು ಎರಡೂ ಮುಚ್ಚಳಗಳ ನಡುವೆ ಸೇರಿ ಕೆಸರಾಯಿತು. ಏಪ್ರಿಲ್ ತಿಂಗಳ ದಾವಣಗೆರೆ ಬೇರೆ. ತೆಗೆದು ಬಿಸಾಡಿದೆ. ಧೂಳು ತಡೆಯಲೆಂದು ರಬ್ಬರ್ ವಾಷರ್ ಹಾಕಿ ನೋಡಿದರೆ ಸದ್ದಿನ ಕತ್ತನ್ನೇ ಹಿಸುಕಿದಂತಾಯಿತು. ಈ ಯಂತ್ರಕ್ಕೆ ದಪ್ಪ ರಬ್ಬರ್ ಹಾಕುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಗುಟ್ಟು ಸಿಕ್ಕಿದ್ದು ಒಂದು ಸಂಜೆ ಕರೆಂಟ್ ಹೋದಾಗ. ಮುಚ್ಚಳ ತೆಗೆದಿಟ್ಟ ಗಡಿಯಾರ ಅಂಗೈಯಲ್ಲಿತ್ತು. ಕತ್ತಲಲ್ಲಿ ಸುಮ್ಮನೆ ಅಲಾರಾಂ ಬಿಟ್ಟೆ. ಸುತ್ತಿಗೆ ಗಾಳಿಯಲ್ಲಿ ಜೇನುಹುಳದ ರೆಕ್ಕೆಯಂತೆ ಹದಿನಾಲ್ಕು ಸೆಕೆಂಡು ಬಡಿಯಿತು, ನಾನು ಮನಸ್ಸಿನಲ್ಲೇ ಎಣಿಸಿದೆ. ಸ್ಪ್ರಿಂಗ್ ಸತ್ತಿದ್ದರೆ ಹೀಗೆ ಬಡಿಯುತ್ತಿತ್ತೇ? ಮುಚ್ಚಳ ಹಾಕಿದರೆ ಮಾತ್ರ ಗೊಣಗುತ್ತದೆ ಎಂದರೆ ರೋಗ ಮುಚ್ಚಳದಲ್ಲೇ ಇದೆ. ಇಷ್ಟು ಹೊಳೆಯಲು ಮೂರು ವಾರ ಬೇಕಾಯಿತು, ನಾಚಿಕೆಯ ಮಾತೇ.

ಹಿಂಬದಿಯ ಮುಚ್ಚಳದ ಒಳಗೆ ಒಂದು ಪುಟ್ಟ ಗೂಟ ಇರುತ್ತದೆ. ಸುತ್ತಿಗೆ ಬಡಿಯುವುದು ಅದಕ್ಕೇ. ಹಿಂದೆ ಯಾರೋ ಮುಚ್ಚಳವನ್ನು ಅದರ ಕಚ್ಚಿಗೆ ಕೂರಿಸದೆ ತಿರುಚಿ ಇಟ್ಟು ಅದನ್ನು ಹಿಡಿದಿಡುವ ಮೇಲಿನ ಬಳೆಯನ್ನು ಬಿಗಿದಿದ್ದಾರೆ. ಗೂಟ ಒಳಗೆ ಯಾವುದಕ್ಕೋ ಒತ್ತಿ ಕೂದಲೆಳೆಯಷ್ಟು ವಾಲಿದೆ. ಕಣ್ಣಿಗೆ ಕಾಣುವುದಿಲ್ಲ, ಐ ಗ್ಲಾಸಿನಲ್ಲಿ (ಕಣ್ಣಿಗೆ ಹಚ್ಚುವ ಭೂತಗನ್ನಡಿ) ಓರೆಯಾಗಿ ಹಿಡಿದರೆ ಮಾತ್ರ ಕಾಣುತ್ತದೆ. ಸುತ್ತಿಗೆಗೆ ಓಡಾಡಲು ಜಾಗವೇ ಇಲ್ಲ, ಬಡಿದು ಹಿಂದೆ ಬರುವ ಬದಲು ಗೂಟಕ್ಕೆ ಒರಗಿ ಉಜ್ಜುತ್ತಿದೆ.

ಚೌಕಿಪೇಟೆಗೆ ಹೋಗಿ ತೋರಿಸಿದೆ. "ಮುಟ್ಟಬೇಡ, ಮುರಿದರೆ ಮುಚ್ಚಳ ಎಲ್ಲಿ ತರುತ್ತೀ?" ಎಂದರು. ಸಂತೆಯಲ್ಲಿ ನಕ್ಕದ್ದು ಆಗ ನೆನಪಾಯಿತು.

ಆದರೂ ಮುಟ್ಟಿದೆ. ಕಪ್ಪು ಮಾರ್ಕರ್ ಪೆನ್ನಿನಿಂದ ಗೂಟಕ್ಕೆ ಸುತ್ತಲೂ ಬಣ್ಣ ಬಳಿದೆ. ಒಣಗಿದ ಮೇಲೆ ಮುಚ್ಚಿ, ಎರಡೇ ಸೆಕೆಂಡು ಬಾರಿಸಿ, ಬಿಚ್ಚಿ ನೋಡಿದೆ. ಶಾಯಿ ಗೂಟದ ಒಂದು ಬದಿಯಲ್ಲಿ ಉದ್ದಕ್ಕೂ ಪಟ್ಟಿಯಂತೆ ಉಜ್ಜಿಹೋಗಿತ್ತು. ನನಗೆ ಬೇಕಾಗಿದ್ದದ್ದು ಸಾಸಿವೆಗಿಂತ ಚಿಕ್ಕ ಒಂದು ಚುಕ್ಕೆ. ಚೂರು ನೆಟ್ಟಗೆ ಮಾಡುವುದು, ಮತ್ತೆ ಬಣ್ಣ, ಮತ್ತೆ ಎರಡು ಸೆಕೆಂಡು. ಏಳೆಂಟು ಸಲ ಆಗಿರಬೇಕು. ನಾಲ್ಕನೆಯ ಸಲ ಅತಿಯಾಗಿ ಸರಿದು ಸುತ್ತಿಗೆ ಗೂಟಕ್ಕೆ ತಗಲಲೇ ಇಲ್ಲ, ಎದೆ ಧಸಕ್ಕೆಂದಿತು. ಕೊನೆಗೆ ಚುಕ್ಕೆ ಬಿತ್ತು. ಗೂಟದ ಬುಡವನ್ನು ಯಾವುದರಿಂದ ಹಿಡಿದೆ, ಸುತ್ತಿಗೆಗೂ ಅದಕ್ಕೂ ಎಷ್ಟು ಅಂತರ ಬಿಟ್ಟೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಹೊಟ್ಟೆಪಾಡು, ಬೇಸರ ಮಾಡಿಕೊಳ್ಳಬೇಡಿ.

ಈಗ ಹನ್ನೆರಡು ಹದಿಮೂರು ಸೆಕೆಂಡು ಗಟ್ಟಿಯಾಗಿ ಬಾರಿಸುತ್ತದೆ. ಬೋರಲು ಹಾಕಿದ ಸ್ಟೀಲ್ ಡಬ್ಬಿಯ ಮೇಲೆ ಇಟ್ಟರೆ ಸದ್ದು ಇಮ್ಮಡಿ. ಖಾಲಿ ಬಿಸ್ಕತ್ ಡಬ್ಬಿ, ತಾಮ್ರದ ಚೊಂಬು, ಮರದ ಮಣೆ ಎಲ್ಲದರ ಮೇಲೂ ಇಟ್ಟು ನೋಡಿದೆ. ಬಿಸ್ಕತ್ ಡಬ್ಬಿಯೇ ಗೆದ್ದಿತು. ಪಕ್ಕದ ಕೋಣೆಯಿಂದ ಎದ್ದು ಬಂದ ನನ್ನ ಹೆಂಡತಿ ಹೇಳಿದ್ದನ್ನು ಬರೆಯುವುದು ಬೇಡ.

ಮುಳ್ಳು ಕೂರಿಸುವಾಗಲೂ ಒಂದು ಸಲ ಎಡವಿದೆ. ಅಂದಾಜಿಗೆ ಕೂರಿಸಿದ್ದರಿಂದ ಇಪ್ಪತ್ತು ನಿಮಿಷ ಮೊದಲೇ ಬಾರಿಸಿತು. ಅಲಾರಾಂ ಕ್ರೌನ್ ಹೊರಗೆಳೆದು, ಸಮಯವನ್ನು ನಿಧಾನಕ್ಕೆ ಮುಂದೆ ತಿರುಗಿಸುತ್ತ, ಸುತ್ತಿಗೆ ಬಿಡುಗಡೆಯಾದ ಕ್ಷಣಕ್ಕೆ ನಿಲ್ಲಿಸಿ, ಅಲ್ಲೇ ಅಲಾರಾಂ, ಗಂಟೆ, ನಿಮಿಷ ಮೂರೂ ಮುಳ್ಳನ್ನು 12ಕ್ಕೆ ಕೂರಿಸಬೇಕು. ಹಾಗೆ ಮಾಡಿದರೂ ಐದು ನಿಮಿಷ ಆಚೀಚೆ ಇದ್ದೇ ಇರುತ್ತದೆ. ರೈಲು ಹಿಡಿಯುವವರು ಮೊಬೈಲನ್ನೇ ಇಟ್ಟುಕೊಳ್ಳಲಿ.

ಸಾಹೇಬರಿಗೆ ಒಂದು ಚೀಟಿಯಲ್ಲಿ ಬರೆದುಕೊಟ್ಟೆ. ಅಲಾರಾಂಗೆ ರಾತ್ರಿ ಮಲಗುವಾಗ ಮಾತ್ರ ಕೀ ಕೊಡಿ. ಅಲಾರಾಂ ಮುಳ್ಳನ್ನು ಹಿಮ್ಮುಖವಾಗಿಯೇ ತಿರುಗಿಸಿ, ಮುಂದಕ್ಕೆ ಬಲವಂತ ಮಾಡಬೇಡಿ. ಬಾರಿಸಿದ ಮೇಲೆ ಕ್ರೌನ್ ಒಳಗೆ ಒತ್ತಿ, ಇಲ್ಲದಿದ್ದರೆ ಕೀ ಉಳಿದಿದ್ದಾಗ ಹನ್ನೆರಡು ಗಂಟೆಯ ನಂತರ ಭಟ್ಟಿಯಲ್ಲೂ ಬಾರಿಸುತ್ತದೆ. ನೀರು ತಾಗಿಸಬೇಡಿ. ಭಟ್ಟಿಗೆ ಕಟ್ಟಿಕೊಂಡು ಹೋಗಲೇಬೇಡಿ. ಕೊನೆಯದನ್ನು ಅವರು ಪಾಲಿಸುತ್ತಿಲ್ಲ ಎಂದು ಮುಚ್ಚಳದ ಅಂಚಿನ ಮಸಿಯೇ ಹೇಳುತ್ತಿದೆ.

ರಂಜಾನಿನ ಎರಡನೆಯ ದಿನ ಬೆಳಗಿನ ಜಾವ ನಾಲ್ಕೂವರೆಗೆ ಫೋನ್ ಬಂತು. ಗಾಬರಿಯಿಂದ ಎತ್ತಿದರೆ, "ಅಣ್ಣ, ಬಾರಿಸಿತು!" ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಚೌಕಿಪೇಟೆಯ ಹಿರಿಯರು ತಾವೇ ಒಂದು ಎಎಸ್ 1475 ಕಳಿಸಿಕೊಟ್ಟರು, ಬಾಯಿಬಿಟ್ಟು ಏನೂ ಹೇಳಲಿಲ್ಲ. ಅದರ ಗೂಟವೂ ವಾಲಿತ್ತು.

ಸಾಹೇಬರ ಕೆಲಸಕ್ಕೆ ನನ್ನ ಕೈಯಿಂದ ಸುಮಾರು 2,500 ಖರ್ಚಾಗಿದೆ. ಅವರು 1,000 ಕೊಟ್ಟು, ಹಬ್ಬದ ದಿನ ಒಂದು ಚೀಲ ಮಂಡಕ್ಕಿ ಕಳಿಸಿದರು. ಉಳಿದ 200 ಇನ್ನೂ ಬಾಕಿ ಇದೆ.