ಟ್ರೇಯಲ್ಲಿ ಕಡಲು ಮಾಡಿ ನೋಡಿ: ಅಲೆ ದಂಡೆಯನ್ನು ಹೇಗೆ ತಿದ್ದುತ್ತದೆ?

ಕಲಬುರಗಿಯಿಂದ ಯಾವ ಕಡೆ ಹೊರಟರೂ ಕಡಲು ನೂರಾರು ಕಿಲೋಮೀಟರ್ ದೂರ. ಹಾಗಾಗಿ ಅಲೆಗಳ ಪಾಠ ಬಂದರೆ ನಮ್ಮ ಮಕ್ಕಳು ಸುಮ್ನೆ ಬಾಯಿಪಾಠ ಮಾಡುತ್ತಾರೆ. ಅದರ ಬದಲು ಅಂಗಳದಲ್ಲೇ ಒಂದು ದಂಡೆ ಮಾಡಿಸಿ.

ಎರಡಡಿ ಉದ್ದದ ಚೌಕಾಕಾರದ ಪ್ಲಾಸ್ಟಿಕ್ ಟ್ರೇ ಬೇಕು. ಹಿಟ್ಟು ನಾದುವ ಪರಾತ ಬೇಡ, ದುಂಡಗಿರುವುದರಿಂದ ಅಲೆ ಸುತ್ತಲೂ ಬಡಿದು ಎಲ್ಲ ಕಲಸಿಹೋಗುತ್ತದೆ. ಉಸುಕನ್ನು ಜರಡಿ ಹಿಡಿದು ಚೆನ್ನಾಗಿ ತೊಳೆಯಿರಿ, ಮಣ್ಣು ಉಳಿದರೆ ನೀರು ರಾಡಿಯಾಗಿ ಏನೂ ಕಾಣುವುದಿಲ್ಲ. ಜೊತೆಗೆ ಒಂದು ಸ್ಕೇಲ್, ಜೋಳದ ದಂಟಿನ ಬೆಂಡು, ಕೆಂಪು ರಂಗೋಲಿ ಪುಡಿ, ಶಹಾಬಾದ್ ಕಲ್ಲಿನ ಎರಡು ಚೂರು. (ಆ ಕಲ್ಲೂ ಒಂದು ಕಾಲಕ್ಕೆ ಸಮುದ್ರದ ತಳದ ಕೆಸರೇ, 50 ಕೋಟಿ ವರ್ಷಕ್ಕೂ ಹಳೆಯದು!)

ಮೊದಲು ಬರೀ ನೀರು ಹಾಕಿ, ನಡುವೆ ಬೆಂಡು ಬಿಡಿ. ಒಂದು ತುದಿಯಲ್ಲಿ ಸ್ಕೇಲಿನಿಂದ ನೀರನ್ನು ಮೆಲ್ಲಗೆ ತಳ್ಳಿ. ಅಲೆ ಆ ತುದಿಗೆ ಹೋಗುತ್ತದೆ, ಬೆಂಡು ಮಾತ್ರ ಏರಿಳಿದು, ಸ್ವಲ್ಪ ಮುಂದೆ ಹೋಗಿ ಹಿಂದೆ ಬಂದು, ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಗಾಳಿ ಬೀಸಿದಾಗ ಜೋಳದ ಹೊಲದ ಮೇಲೆ ಅಲೆ ಓಡುತ್ತದೆ, ದಂಟು ಓಡುತ್ತದಾ? ಕಡಲಲ್ಲೂ ಪ್ರಯಾಣ ಮಾಡುವುದು ಗಾಳಿ ಕೊಟ್ಟ ಶಕ್ತಿ. ಗಾಳಿಯಿಲ್ಲದ ದಿನವೂ ನಮ್ಮ ಕರಾವಳಿಗೆ ಅಲೆ ಬರುತ್ತದಲ್ಲ, ಅದು ಸಾವಿರಾರು ಕಿಲೋಮೀಟರ್ ಆಚೆಯ ಬಿರುಗಾಳಿ ಎಬ್ಬಿಸಿದ್ದೂ ಇರಬಹುದು.

ಈಗ ಒಂದು ತುದಿಗೆ ಉಸುಕನ್ನು ಇಳಿಜಾರಾಗಿ ಒಟ್ಟಿ, ಮತ್ತೆ ಅಲೆ ಎಬ್ಬಿಸಿ. ಆಳ ಕಡಿಮೆಯಾದಂತೆ ಅಲೆಯ ಬುಡ ನಿಧಾನವಾಗುತ್ತದೆ, ಅಲೆ ಎತ್ತರವಾಗುತ್ತದೆ, ಕೊನೆಗೆ ತಲೆ ಮುಂದಕ್ಕೆ ಕುಸಿಯುತ್ತದೆ. ಕಡಲಲ್ಲಿ 1 ಮೀಟರ್ ಎತ್ತರದ ಅಲೆ ಸುಮಾರು 1.3 ಮೀಟರ್ ಆಳಕ್ಕೆ ಬಂದಾಗ ಮುರಿಯುತ್ತದೆ.

ಸ್ಕೇಲನ್ನು ಜೋರಾಗಿ, ಬೇಗ ಬೇಗ ಆಡಿಸಿದರೆ ದಂಡೆಯ ಉಸುಕು ಒಳಕ್ಕೆ ಜಾರುತ್ತದೆ. ಮಳೆಗಾಲದಲ್ಲಿ ಆಗುವುದೂ ಹೀಗೇ. ಮಳೆ ಮುಗಿದ ಮೇಲೆ ಸಣ್ಣ, ಸೌಮ್ಯ ಅಲೆಗಳು ಅದರಲ್ಲಿ ಬಹಳಷ್ಟನ್ನು ಮರಳಿ ತರುತ್ತವೆ.

ಇನ್ನು ನನಗೆ ಜಾಸ್ತಿ ಇಷ್ಟವಾದ ಭಾಗ. ನೀರಿನಂಚಿನಲ್ಲಿ ಒಂದೇ ಕಡೆ ಕೆಂಪು ರಂಗೋಲಿ ಉದುರಿಸಿ, ಸ್ಕೇಲನ್ನು ಓರೆಯಾಗಿ ಹಿಡಿದು ಅಲೆ ಎಬ್ಬಿಸಿ. ಅಲೆ ಓರೆಯಾಗಿ ಮೇಲೇರುತ್ತದೆ, ನೀರು ಇಳಿಯುವಾಗ ನೆಟ್ಟಗೆ ಇಳಿಯುತ್ತದೆ. ಪ್ರತಿ ಸಲವೂ ಕೆಂಪು ಪುಡಿ ದಂಡೆಯುದ್ದಕ್ಕೂ ಚೂರು ಚೂರೇ ಸರಿಯುತ್ತದೆ. ತಾಳ್ಮೆ ಬೇಕು, ನಾಲ್ಕು ಸಲ ಆಡಿಸಿ ಎದ್ದು ಹೋಗುವ ಹುಡುಗರಿಗೆ ಇದು ಕಾಣುವುದಿಲ್ಲ.

ಆಮೇಲೆ ಶಹಾಬಾದ್ ಚೂರನ್ನು ದಂಡೆಯಿಂದ ನೀರೊಳಗೆ ಚಾಚಿದಂತೆ ಅಡ್ಡ ನಿಲ್ಲಿಸಿ ಮುಂದುವರಿಸಿ. ಉಸುಕು ಬರುವ ಕಡೆ ಕಲ್ಲಿಗೆ ಆತು ಗುಡ್ಡೆಯಾಗುತ್ತದೆ, ಆಚೆ ಬದಿಯ ದಂಡೆ ಸವೆಯುತ್ತದೆ. ಅಲ್ಲಿಗೆ ಬರಬೇಕಿದ್ದ ಉಸುಕು ಇಲ್ಲೇ ನಿಂತಿತಲ್ವಾ! ಮಳೆಗಾಲ ಬಂತೆಂದರೆ ಉಳ್ಳಾಲದ ಕಡಲ್ಕೊರೆತದ ಸುದ್ದಿ ಪೇಪರಿನಲ್ಲಿ ಓದುತ್ತೀರಿ. ಅಂಥ ಕಡೆ 'ಒಂದು ಕಲ್ಲಿನ ಗೋಡೆ ಹಾಕಿದರೆ ಮುಗೀತು' ಅನ್ನುವವರನ್ನು ಈ ಟ್ರೇ ಮುಂದೆ ಕೂರಿಸಬೇಕು. ಎರಡನೇ ಚೂರನ್ನು ಸವೆದ ಜಾಗದಾಚೆ ನಿಲ್ಲಿಸಿ ನೋಡಿ, ಕೊರೆತ ಅದರಾಚೆಗೆ ದಾಟುತ್ತದೆ.

ಮುಗಿದ ಮೇಲೆ ನೀರನ್ನು ಗಿಡಕ್ಕೆ ಹಾಕಿ. ಬಚ್ಚಲಿಗೆ ಸುರಿದರೆ ಉಸುಕು ಪೈಪಿನಲ್ಲಿ ಕೂರುತ್ತದೆ.