ಹಿಮದಿಂದ ಮರಳಿದ ರಾತ್ರಿ ನಾನು ಬರೆಯುವ ಟ್ರಿಪ್ ವರದಿ

ವಾಷಿಂಗ್ಟನ್ ರಾಜ್ಯದ ಕ್ಯಾಸ್ಕೇಡ್ ಬೆಟ್ಟಗಳಲ್ಲಿ ನಾನು ಬ್ಯಾಕ್‌ಕಂಟ್ರಿ ಸ್ಕೀಯಿಂಗ್ ಮಾಡುತ್ತೇನೆ. ಅಂದರೆ ಅಲ್ಲಿ ಲಿಫ್ಟ್ ಇಲ್ಲ, ಹಿಮ ಸಮ ಮಾಡುವ ಯಂತ್ರ ಇಲ್ಲ, ಗಸ್ತು ತಿರುಗುವವರೂ ಇಲ್ಲ. ಸ್ಕೀ ಅಡಿಗೆ ಸ್ಕಿನ್, ಅಂದರೆ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ, ಅಂಟಿಸಿಕೊಂಡು ಹತ್ತಬೇಕು. ಮೇಲೆ ಹೋಗಿ ಅದನ್ನು ಕಿತ್ತು, ಮಡಚಿ, ಬ್ಯಾಗಿಗೆ ಹಾಕಿಕೊಂಡು ಇಳಿಯಬೇಕು. ಮನೆಗೆ ಬಂದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಎಲ್ಲಿಗೆ ಹೋದೆವು, ಏನು ನೋಡಿದೆವು ಅಂತ ಬರೆದು, ಫೋಟೊ ಸೇರಿಸಿ, ಇಲ್ಲಿನ ಸ್ಕೀ ಬಳಗದ ಜೊತೆ ಹಂಚಿಕೊಳ್ಳುವುದು. ಎಷ್ಟೇ ಸುಸ್ತಾಗಿದ್ದರೂ ನಾನು ಅದನ್ನು ಅದೇ ರಾತ್ರಿ ಮುಗಿಸುತ್ತೇನೆ. ಓದುವವರಲ್ಲಿ ಯಾರೋ ಒಬ್ಬರು ಮರುದಿನ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಇಟ್ಟುಕೊಂಡು ಅದೇ ಬೆಟ್ಟಕ್ಕೆ ಹೊರಟಿರುತ್ತಾರೆ. ನಾನು ಬರೆಯುವುದು ಅವರಿಗೋಸ್ಕರ.

ಅವರಿಗೆ "ಹಿಮ ಸೂಪರ್ ಆಗಿತ್ತು" ಅಂದರೆ ಏನೂ ಹೇಳಿದಂತಾಗುವುದಿಲ್ಲ. ಹಿಮ ಗಂಟೆಗಂಟೆಗೂ ಬದಲಾಗುತ್ತದೆ. ಎತ್ತರಕ್ಕೆ ತಕ್ಕಂತೆ, ಇಳಿಜಾರು ಯಾವ ದಿಕ್ಕಿಗೆ ಮುಖ ಮಾಡಿದೆ ಅನ್ನುವುದಕ್ಕೆ ತಕ್ಕಂತೆ ಬೇರೆಬೇರೆಯಾಗಿರುತ್ತದೆ. ಮೌಂಟ್ ರೇನಿಯರ್‌ನ ಮ್ಯೂರ್ ಸ್ನೋಫೀಲ್ಡನ್ನೇ ನೋಡಿ. ಪ್ಯಾರಡೈಸ್‌ನಲ್ಲಿ ಕಾರು ನಿಲ್ಲಿಸುವ ಜಾಗ ಸುಮಾರು 5,400 ಅಡಿ. ಮೇಲಿನ ಕ್ಯಾಂಪ್ ಮ್ಯೂರ್ 10,000 ಅಡಿಗೂ ಸ್ವಲ್ಪ ಜಾಸ್ತಿ. ಇಷ್ಟು ಎತ್ತರದ ಉದ್ದಕ್ಕೂ ಒಂದೇ ಥರದ ಹಿಮ ಇರಲು ಸಾಧ್ಯವೇ ಇಲ್ಲ. ವಸಂತದಲ್ಲಿ ರಾತ್ರಿ ಹೆಪ್ಪುಗಟ್ಟಿದ ಹಿಮ ಬೆಳಗಿನ ಬಿಸಿಲಿಗೆ ಮೇಲ್ಮೇಲೆ ಒಂದೆರಡು ಇಂಚು ಸಡಿಲವಾಗುತ್ತದೆ. ನೆನೆಸಿಟ್ಟ ಸಬ್ಬಕ್ಕಿಯ ಹಾಗೆ ಬಿಡಿಬಿಡಿ ಹರಳು. ಇದನ್ನೇ ಕಾರ್ನ್ ಅನ್ನುತ್ತಾರೆ, ಇಳಿಯಲು ಇದಕ್ಕಿಂತ ಸುಖವಾದ ಹಿಮ ನನಗೆ ಗೊತ್ತಿಲ್ಲ. ಸ್ವಲ್ಪ ಬೇಗ ಇಳಿದರೆ ಮಂಜುಗಡ್ಡೆ. ಸ್ವಲ್ಪ ತಡವಾದರೆ ಕೆಸರು, ಕಡಿದಾದ ಕಡೆ ಒದ್ದೆ ಹಿಮ ಜಾರುವ ಅಪಾಯ. ಹಾಗಾಗಿ ನನ್ನ ವರದಿಯ ಸಾಲುಗಳು ಹೀಗಿರುತ್ತವೆ: "ಮಧ್ಯಾಹ್ನ 12ಕ್ಕೆ 10,000 ಅಡಿಯಲ್ಲಿ ಇನ್ನೂ ಗಟ್ಟಿ. 12.30ಕ್ಕೆ 8,500 ಅಡಿಯಲ್ಲಿ ಒಳ್ಳೆ ಕಾರ್ನ್. ಪೆಬಲ್ ಕ್ರೀಕ್‌ನಿಂದ ಕೆಳಗೆ ಕೆಸರು, ಸ್ಕೀ ಹೂತುಕೊಳ್ಳುತ್ತಿತ್ತು. ರಾತ್ರಿ ಮೋಡ ಇರಲಿಲ್ಲ, ಗಾಳಿ ಕಡಿಮೆ." ಇಷ್ಟಿದ್ದರೆ ನಾಳೆ ಹೋಗುವವರು ಹವಾಮಾನ ನೋಡಿಕೊಂಡು ತಮ್ಮ ಸಮಯ ತಾವೇ ಹೊಂದಿಸಿಕೊಳ್ಳಬಹುದು.

ಇದೆಲ್ಲ ರಾತ್ರಿ ಕೂತು ನೆನಪು ಮಾಡಿಕೊಂಡರೆ ಬರುವುದಿಲ್ಲ. ನಿಂತು ನೀರು ಕುಡಿಯುವಾಗಲೇ ಫೋನಿನಲ್ಲಿ ಎರಡು ಮಾತು ರೆಕಾರ್ಡ್ ಮಾಡಿಡುತ್ತೇನೆ. ಒಂದು ಫೋಟೊನೂ ತೆಗೆಯುತ್ತೇನೆ, ಅದರಲ್ಲಿ ಸಮಯ ತಾನಾಗಿಯೇ ದಾಖಲಾಗಿರುತ್ತದೆ. ಫೋನ್ ಮಾತ್ರ ಎದೆಯ ಜೇಬಿನಲ್ಲಿ ಬೇಡ. ಹಿಮದಡಿ ಸಿಕ್ಕವರನ್ನು ಹುಡುಕುವ ಬೀಕನ್ ಅಲ್ಲೇ ಇರುತ್ತದೆ. ಅದು 457 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಕಳಿಸುತ್ತದೆ, ಹತ್ತಿರ ಫೋನ್ ಇದ್ದರೆ ಅಡ್ಡಿಯಾಗುತ್ತದೆ. ಕಳಿಸುವಾಗ ಕನಿಷ್ಠ 20 ಸೆಂಟಿಮೀಟರ್, ಹುಡುಕುವಾಗ 50 ಸೆಂಟಿಮೀಟರ್ ದೂರ ಇರಬೇಕು ಅಂತ ನಿಯಮ. ನಾನು ಪ್ಯಾಂಟಿನ ಜೇಬಿನಲ್ಲಿ ಇಡುತ್ತೇನೆ. ಮೈ ಶಾಖಕ್ಕೆ ಬ್ಯಾಟರಿಯೂ ಬೇಗ ಸಾಯುವುದಿಲ್ಲ.

ಅರ್ಧಕ್ಕೆ ವಾಪಸ್ ಬಂದ ದಿನದ ವರದಿಯನ್ನು ನಾನು ಉಳಿದವಕ್ಕಿಂತ ವಿವರವಾಗಿ ಬರೆಯುತ್ತೇನೆ. ಒಂದು ಫೆಬ್ರವರಿಯಲ್ಲಿ ಪ್ಯಾರಡೈಸ್‌ನಿಂದ ಹೊರಟಿದ್ದೆವು. ಹಿಂದಿನ ದಿನ ಹೊಸ ಹಿಮ ಬಿದ್ದಿತ್ತು, ರಾತ್ರಿಯಿಡೀ ಗಾಳಿ. ಹಿಮಕುಸಿತದ ಅಪಾಯ ಐದರಲ್ಲಿ ಮೂರನೇ ಹಂತ. ಪನೋರಮಾ ಪಾಯಿಂಟ್ ಕೆಳಗಿನ ಕಡಿದಾದ ಇಳಿಜಾರು ಬರುವ ಮುಂಚೆ ಸ್ಕೀ ಕೋಲು ತಿರುಗಿಸಿ ಹಿಮಕ್ಕೆ ಚುಚ್ಚಿ ನೋಡಿದೆ. ಮೇಲಿನ ಪದರ ಬಿಗಿಯಾಗಿ ತಡೆಯಿತು. ಅದು ಒಡೆದದ್ದೇ ಕೋಲು ಸರಕ್ಕನೆ ಒಳಗೆ ಹೋಯಿತು. ಅಂದರೆ ಮೇಲೆ ಗಾಳಿ ತಂದು ಒತ್ತಿದ, ಹಲಗೆಯಂಥ ಗಟ್ಟಿ ಪದರ, ಕೆಳಗೆ ಮೆತ್ತಗಿನ ಹಿಮ. ಪಕ್ಕದಲ್ಲಿ ಆಳೆತ್ತರದ ಒಂದು ಸಣ್ಣ ದಿಬ್ಬ ಇತ್ತು, ಜಾರಿದರೂ ಯಾರೂ ಹೂತುಹೋಗದಷ್ಟು ಸಣ್ಣದು. ಅದರ ಮೇಲೆ ಅಡ್ಡಡ್ಡ ಹೋದೆ. ಸ್ಕೀ ತುದಿಯಿಂದ ಬಿರುಕು ಸರ್ರನೆ ಮುಂದಕ್ಕೆ ಓಡಿತು, ಹಿಮದೊಳಗಿಂದ ಧಪ್ ಅಂತ ಸದ್ದು. ಹಿಮ ಕುಸಿಯಲು ಕಾದಿದೆ ಅನ್ನುವುದಕ್ಕೆ ಇವೇ ಗುರುತು. ಎದುರಿನ ಇಳಿಜಾರು ಅಳೆದರೆ 35 ಡಿಗ್ರಿ. ಹಿಮ ಹಲಗೆಹಲಗೆಯಾಗಿ ಕುಸಿಯುವುದು ಹೆಚ್ಚಾಗಿ 30ರಿಂದ 45 ಡಿಗ್ರಿ ನಡುವೆ. ಜೊತೆಗಿದ್ದ ತೀರ್ಥಹಳ್ಳಿಯ ಗೆಳೆಯ, "ಬೇಡ ಮಾರಾಯ, ಇಲ್ಲಿಂದಲೇ ತಿರುಗೋಣ" ಅಂದ. ತಿರುಗಿದೆವು.

ಆ ರಾತ್ರಿಯ ವರದಿಯಲ್ಲಿ ಸ್ಕೀ ಮಾಡಿದ ಫೋಟೊ ಒಂದೂ ಇರಲಿಲ್ಲ. ಬಿರುಕಿನ ಪಕ್ಕದಲ್ಲಿ ಅಳತೆಗೆ ಕೋಲು ಇಟ್ಟು ತೆಗೆದದ್ದು ಒಂದು, ದೂರದಿಂದ ಇಡೀ ಇಳಿಜಾರು ಕಾಣುವಂತೆ ತೆಗೆದದ್ದು ಇನ್ನೊಂದು. ಅದನ್ನು ಓದಿ ಒಂದು ಗುಂಪು ಮರುದಿನ ಬೆಟ್ಟ ಬಿಟ್ಟು ಮರಗಳ ನಡುವಿನ ಸಲೀಸಾದ ಇಳಿಜಾರಿಗೆ ಹೋಯಿತು. ಎಷ್ಟು ಚಂದದ ಫೋಟೊ ಹಾಕಿದ್ದರೂ ಆ ಎರಡು ಮಾಡಿದ ಕೆಲಸ ಮಾಡುತ್ತಿರಲಿಲ್ಲ.

ಚಂದದ ಫೋಟೊ ಬೇಡ ಅಂತಲ್ಲ. ನನಗೂ ಅದು ತುಂಬಾ ಇಷ್ಟ. ಆದರೆ ಹಿಮದಲ್ಲಿ ಕ್ಯಾಮೆರಾ ಮೋಸ ಹೋಗುತ್ತದೆ. ಎಲ್ಲ ಬೆಳ್ಳಗಿದ್ದರೆ ಅದು ಬೆಳಕು ಜಾಸ್ತಿ ಅಂದುಕೊಂಡು ಹಿಮವನ್ನು ಬೂದಿ ಬಣ್ಣ ಮಾಡುತ್ತದೆ. ಅದಕ್ಕೇ ಎಕ್ಸ್‌ಪೋಶರ್ ಒಂದು ಹಂತ ಮೇಲೆ ಇಟ್ಟಿರುತ್ತೇನೆ. ಮೋಡ ಕವಿದಾಗ ಹಿಮದ ಏರಿಳಿತ ಕಣ್ಣಿಗೂ ಕಾಣುವುದಿಲ್ಲ, ಫೋಟೊದಲ್ಲೂ ಬರುವುದಿಲ್ಲ. ಆಗ ಬಂಡೆಯೋ ಮರವೋ ಚೌಕಟ್ಟಿನೊಳಗೆ ಇರಲೇಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಹಿಮದ ಒಂದೊಂದು ಹರಳೂ ಕಾಣುತ್ತದೆ. ಹಳೆಯ ಸ್ಕೀ ಗೆರೆಗಳನ್ನು ನಾನು ಎಡಿಟ್ ಮಾಡಿ ಅಳಿಸುವುದಿಲ್ಲ. ಅಲ್ಲಿ ಎಷ್ಟು ಜನ ಇಳಿದಿದ್ದರು ಅನ್ನುವುದೂ ಮಾಹಿತಿಯೇ ಅಲ್ವಾ? ಪ್ರತಿ ಫೋಟೊ ಕೆಳಗೆ ತಾರೀಖು, ಸಮಯ, ದಿಕ್ಕು, ಎತ್ತರ ಬರೆಯುತ್ತೇನೆ.

ಎಲ್ಲಿ ನಿಂತು ತೆಗೆಯುತ್ತೇವೆ ಅನ್ನುವುದು ಇದಕ್ಕಿಂತ ಮುಖ್ಯ. ಇಳಿಯುವವರ ಕೆಳಗೆ, ಹಿಮ ಹರಿದು ಬರುವ ದಾರಿಯಲ್ಲಿ ನಾನು ನಿಲ್ಲುವುದಿಲ್ಲ. ಬದಿಯ ದಿಣ್ಣೆ ಇಲ್ಲವೇ ದಟ್ಟ ಮರಗಳ ಹತ್ತಿರ ನಿಲ್ಲುತ್ತೇನೆ. ಒಬ್ಬರು ಇಳಿದು ಸುರಕ್ಷಿತ ಜಾಗ ಸೇರಿದ ಮೇಲೆಯೇ ಇನ್ನೊಬ್ಬರು. "ಸ್ವಲ್ಪ ಎಡಕ್ಕೆ ಬಾ, ಅಲ್ಲಿ ಹಿಮ ಮುಟ್ಟಿಲ್ಲ, ಫೋಟೊ ಚೆನ್ನಾಗಿ ಬರುತ್ತೆ" ಅಂತ ಯಾರಿಗೂ ಹೇಳುವುದಿಲ್ಲ. ಆ ಎಡಗಡೆಯೇ ಕಡಿದಾಗಿರಬಹುದು. ಅಮೆರಿಕದ 700ಕ್ಕೂ ಹೆಚ್ಚು ಹಿಮಕುಸಿತ ಅವಘಡಗಳನ್ನು ಅಧ್ಯಯನ ಮಾಡಿದ ಇಯಾನ್ ಮೆಕ್ಯಾಮನ್, ಜನ ದಾರಿ ತಪ್ಪುವ ಕೆಲವು ಕಾರಣಗಳನ್ನು ಗುರುತಿಸಿದ್ದಾರೆ. ಪರಿಚಿತ ಜಾಗ ಅನ್ನುವ ಧೈರ್ಯ, ಬೇರೆಯವರ ಮೆಚ್ಚುಗೆಯ ಆಸೆ, ಯಾರೂ ತುಳಿಯದ ಹಿಮ ತಮಗೇ ಸಿಗಲಿ ಅನ್ನುವ ಅವಸರ. ಕ್ಯಾಮೆರಾ ಈ ಕೊನೆಯ ಎರಡಕ್ಕೂ ಇಂಬು ಕೊಡುತ್ತದೆ. ಅನುಭವ ಇದ್ದ ಮಾತ್ರಕ್ಕೆ ಯಾರೂ ಇದರಿಂದ ಪಾರಾಗುವುದಿಲ್ಲ. 2012ರ ಫೆಬ್ರವರಿ 19ರಂದು ಸ್ಟೀವನ್ಸ್ ಪಾಸ್ ಹತ್ತಿರದ ಟನಲ್ ಕ್ರೀಕ್‌ನಲ್ಲಿ ಹಿಮ ಕುಸಿದು ಮೂವರು ಸತ್ತರು. ಅಲ್ಲಿದ್ದದ್ದು ನುರಿತವರೇ ತುಂಬಿದ್ದ ದೊಡ್ಡ ಗುಂಪು.

ಚಳಿಗಾಲದಲ್ಲಿ ನಡೆದ ದಾರಿಯ ಜಿಪಿಎಸ್ ಟ್ರ್ಯಾಕ್ ನಾನು ಕೊಡುವುದಿಲ್ಲ. ಈ ಮಾತಿಗೆ ನಮ್ಮ ಬಳಗದಲ್ಲೇ ಒಪ್ಪದವರಿದ್ದಾರೆ. ಆದರೆ ನನ್ನ ಗೆರೆ ಸರಿಯಾಗಿದ್ದದ್ದು ಆ ದಿನದ ಹಿಮಕ್ಕೆ. ಮುಂದಿನ ವಾರ ಅದೇ ಗೆರೆ ಹಿಡಿದು ಬರುವವರ ತಲೆ ಮೇಲೆ ಬೇರೆಯದೇ ಪದರ ಕೂತಿರಬಹುದು. ಯಾಕೆ ಆ ಕಡೆಯಿಂದ ಹತ್ತಿದೆವು, ಯಾವ ಇಳಿಜಾರು ಬಿಟ್ಟೆವು ಅನ್ನುವುದನ್ನು ಮಾತಿನಲ್ಲೇ ಬರೆಯುತ್ತೇನೆ. ಮ್ಯೂರ್ ಸ್ನೋಫೀಲ್ಡ್ ವಿಷಯ ಬೇರೆ. ಅಲ್ಲಿ ಮೋಡ ಇಳಿದರೆ ಎಲ್ಲ ಕಡೆ ಬಿಳುಪೇ. ಪಶ್ಚಿಮಕ್ಕೆ ತಪ್ಪಿದರೆ ನಿಸ್ಕ್ವಾಲಿ ಹಿಮನದಿ, ಪೂರ್ವಕ್ಕೆ ತಪ್ಪಿದರೆ ಪ್ಯಾರಡೈಸ್ ಹಿಮನದಿ, ಎರಡರಲ್ಲೂ ಆಳವಾದ ಬಿರುಕುಗಳಿವೆ. ಆ ದಾರಿಗೆ ನ್ಯಾಷನಲ್ ಪಾರ್ಕ್‌ನವರೇ ದಿಕ್ಸೂಚಿ ಕೋನಗಳನ್ನು ಕೊಡುತ್ತಾರೆ. ಅವನ್ನು ಬರೆದಿಟ್ಟುಕೊಂಡು ಹೋಗಿ ಅಂತ ಪ್ರತಿ ವರದಿಯಲ್ಲೂ ಹೇಳುತ್ತೇನೆ.

ಜೊತೆಗೆ ಬಂದವರ ಹೆಸರು, ಮುಖ ಹಾಕುವ ಮುಂಚೆ ಅವರನ್ನು ಕೇಳುತ್ತೇನೆ. ಊರಿನ ಮನೆಯವರಿಗೆ ಕಳಿಸುವುದು ಬೇರೆ ಫೋಟೊ. ಅಮ್ಮನಿಗೆ ಹಿಮದ ಪದರ ಬೇಕಾಗಿಲ್ಲ, ನನ್ನ ಮುಖ ಕಂಡರೆ ಸಾಕು.

ಕುಸಿದ ಹಿಮ, ಬಿರುಕು, ಧಪ್ ಅನ್ನುವ ಸದ್ದು, ಇವುಗಳಲ್ಲಿ ಯಾವುದು ಕಂಡರೂ ಕೇಳಿದರೂ ಬಳಗದ ವರದಿಗೂ ಮುಂಚೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರಿಗೆ ತಿಳಿಸುತ್ತೇನೆ. ಜನ ಕಂಡದ್ದನ್ನು ಅವರು ಕೇಳಿ ಪಡೆಯುತ್ತಾರೆ, ಹಿಮಕುಸಿತದ ಮುನ್ಸೂಚನೆ ಬರೆಯುವಾಗ ಬಳಸುತ್ತಾರೆ. ಉದ್ದಕ್ಕೆ ಬರೆಯಬೇಕಿಲ್ಲ. ಜಾಗ, ಎತ್ತರ, ದಿಕ್ಕು, ಎಷ್ಟು ಅಗಲ, ಎಷ್ಟು ಆಳ, ಒಂದು ಫೋಟೊ. ಮನೆ ಸೇರುವವರೆಗೂ ಕಾಯುವುದಿಲ್ಲ, ಇಳಿಯುವ ದಾರಿಯಲ್ಲಿ ಸಿಗ್ನಲ್ ಸಿಕ್ಕ ಕೂಡಲೇ ಕಾರು ಪಕ್ಕಕ್ಕೆ ನಿಲ್ಲಿಸಿ ಕಳಿಸಿಬಿಡುತ್ತೇನೆ.