ಹೊಂಡಕ್ಕೆ ಏಣಿ ಇಳಿಬಿಟ್ಟೆವು: ನನ್ನ ಅನುಭವ

ಹೊಲದಲ್ಲಿ ನೀರು ಹಿಡಿದಿಡಲು ತೋಡುವ ಕೃಷಿ ಹೊಂಡಕ್ಕೆ ಬೇಲಿ ಹಾಕಿದರೆ ಮುಗಿಯಿತು ಅನ್ನುವವರ ಜೊತೆ ನಾಲ್ಕೈದು ವರ್ಷ ವಾದ ಮಾಡಿದ್ದೇನೆ. ಬೇಲಿ ಬೇಡ ಅಂತ ನಾನು ಯಾವತ್ತೂ ಹೇಳಿಲ್ಲ. ಬೇಲಿ ನುಸುಳಿ ನೀರಿಗೆ ಬಿದ್ದ ಮಗು ಮೇಲೆ ಬರುವುದು ಹೇಗೆ ಅನ್ನುವುದಷ್ಟೇ ನನ್ನ ಪ್ರಶ್ನೆ. ಕಳೆದ ದಸರಾ ರಜೆಯಲ್ಲಿ ಅದಕ್ಕೆ ಉತ್ತರ ಸಿಕ್ಕಿತು. ನಾವು ಹೊಂಡಗಳಿಗೆ ಇಳಿಬಿಟ್ಟ ಏಣಿಯ ಬಗ್ಗೆ ಬೇರೆ ಶಾಲೆಗಳ ಮೇಷ್ಟ್ರುಗಳು ಫೋನ್ ಮಾಡಿ ಕೇಳುತ್ತಿದ್ದಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡೋಣ ಅಂತ ಬರೆಯುತ್ತಿದ್ದೇನೆ.

ನಾನಿರುವುದು ಕೋಲಾರ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ. ನೂರರ ಆಸುಪಾಸು ಮಕ್ಕಳು, ಸುತ್ತಲಿನ ನಾಲ್ಕು ಹಳ್ಳಿಗಳಿಂದ ಬರುತ್ತಾರೆ. ಈ ಕಡೆಯವರಿಗೆ ನೀರಿನ ಕಥೆ ಗೊತ್ತು. ನಮ್ಮಪ್ಪನ ಕಾಲದವರು ಸೊಂಟಕ್ಕೆ ಒಣ ಸೋರೆಬುರುಡೆ ಕಟ್ಟಿಕೊಂಡು ತೆರೆದ ಬಾವಿಯಲ್ಲಿ ಈಜು ಕಲಿತವರು. ಆಮೇಲೆ ಬಾವಿ ಬತ್ತಿತು, ಬೋರ್‌ವೆಲ್ ಸಾವಿರ ಅಡಿ ದಾಟಿತು, ಕೆರೆ ಅಂಗಳದಲ್ಲಿ ಜಾಲಿ ಬೆಳೆಯಿತು. ಒಂದಿಡೀ ತಲೆಮಾರು ಮೊಣಕಾಲುದ್ದ ನೀರಿಗೂ ಇಳಿಯದೆ ಬೆಳೆಯಿತು. 2014ರಲ್ಲಿ ಹೊಂಡಕ್ಕೆ ಸಹಾಯಧನ ಕೊಡುವ ಸರ್ಕಾರದ ಕೃಷಿಭಾಗ್ಯ ಯೋಜನೆ ಶುರುವಾದ ಮೇಲೆ ಹೊಲಹೊಲಕ್ಕೂ ಹೊಂಡ ಬಂತು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯ ನೀರು, ಅಂದರೆ ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ನೀರು, ನಮ್ಮ ಜಿಲ್ಲೆಯ ಲಕ್ಷ್ಮೀಸಾಗರ ಕೆರೆಗೆ ಬಿತ್ತು, ಅಲ್ಲಿಂದ ಕೆರೆಗಳು ಒಂದೊಂದಾಗಿ ತುಂಬುತ್ತಾ ಬಂದವು. ನೀರು ಬಂತು, ಈಜು ಬರಲಿಲ್ಲ. ಅಪ್ಪ ಅಮ್ಮನಿಗೇ ಬಾರದ ಈಜನ್ನು ಮಕ್ಕಳಿಗೆ ಯಾರು ಕಲಿಸಬೇಕು?

ಕೆರೆಗಿಂತ ನನಗೆ ಭಯ ಶೀಟ್ ಹಾಕಿದ ಹೊಂಡದ್ದು. ಇಪ್ಪತ್ತೊಂದು ಮೀಟರ್ ಉದ್ದ, ಅಷ್ಟೇ ಅಗಲ, ಮೂರು ಮೀಟರ್ ಆಳ, ನಾಲ್ಕೂ ಕಡೆ ಇಳಿಜಾರು, ಅದರ ಮೇಲೆ ನೀರು ಇಂಗದ ಹಾಗೆ ಹಾಸಿದ 500 ಮೈಕ್ರಾನ್ (ಅರ್ಧ ಮಿಲಿಮೀಟರ್) ದಪ್ಪದ ಪ್ಲಾಸ್ಟಿಕ್ ಶೀಟ್. ಒಂದು ಮಳೆಗಾಲ ಕಳೆದರೆ ಅದರ ಮೇಲೆ ಪಾಚಿ. ನಾನು ಬಾವಿಯಲ್ಲಿ ಈಜು ಕಲಿತವನು, ಈಗಲೂ ಕೆರೆಯ ಒಂದು ದಡದಿಂದ ಇನ್ನೊಂದಕ್ಕೆ ಹೋಗಿ ಬರುತ್ತೇನೆ. ಆದರೂ ಸೊಂಟಕ್ಕೆ ಹಗ್ಗ ಕಟ್ಟಿಸಿಕೊಂಡು, ಮೇಲೆ ಇಬ್ಬರನ್ನು ನಿಲ್ಲಿಸಿ ಇಳಿದಾಗ ನನಗೇ ಹತ್ತಲಾಗಲಿಲ್ಲ. ಮೊಣಕಾಲು ಊರಿದರೆ ಜಾರುತ್ತದೆ, ಅಂಗೈ ಇಟ್ಟರೆ ಜಾರುತ್ತದೆ. ಪ್ರತಿ ಸಲ ಜಾರಿದಾಗಲೂ ದಮ್ಮು ಕಡಿಮೆಯಾಗುತ್ತದೆ. ಮೂರನೇ ಕ್ಲಾಸಿನ ಮಗು ಏನು ಮಾಡೀತು? ಈಜು ಬಂದರೂ ಸಾಯುವ ಜಾಗ ಅದು. ಮಗು ಬೀಳದ ಹಾಗೆ ನೋಡಿಕೊಳ್ಳುವುದು ಒಂದು ಕೆಲಸ, ಬಿದ್ದ ಮಗು ಎದ್ದು ಬರುವ ಹಾಗೆ ಮಾಡುವುದು ಇನ್ನೊಂದು. ಈ ಎರಡನೆಯದನ್ನು ಯಾರೂ ಮಾಡುತ್ತಿರಲಿಲ್ಲ.

ಮೊದಲು ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ಶಾಲಾಭಿವೃದ್ಧಿ ಸಮಿತಿಯಿಂದ (ಎಸ್‌ಡಿಎಂಸಿ) ‘ಅಪಾಯ, ನೀರಿಗೆ ಇಳಿಯಬೇಡಿ’ ಅಂತ ತಗಡಿನ ಬೋರ್ಡು ಬರೆಸಿದೆವು. ಒಂದಕ್ಕೆ ನಾನೂರು ರೂಪಾಯಿ ಬಿದ್ದ ನೆನಪು. ಬೇಸಿಗೆ ಕಳೆಯುವಷ್ಟರಲ್ಲಿ ಅರ್ಧ ಬೋರ್ಡು ಯಾರದೋ ಕೋಳಿಗೂಡಿನ ಮಾಡಾಗಿತ್ತು. ಬೇಲಿಯ ವಿಚಾರಕ್ಕೆ ಬಂದರೆ, ಕಲ್ಲುಕಂಬ, ತಂತಿ, ಕೂಲಿ ಸೇರಿ ದೊಡ್ಡ ಹೊಂಡಕ್ಕೆ ನಲವತ್ತು ಐವತ್ತು ಸಾವಿರ. ಈಗ ಯೋಜನೆಯಲ್ಲಿ ಬೇಲಿಗೂ ಸಹಾಯಧನ ಇದೆ, ಹೊಸ ಹೊಂಡದವರು ಅದನ್ನು ಬಿಡಬೇಡಿ. ಹಳೇ ಹೊಂಡದವರಿಗೆ ಅಷ್ಟು ದುಡ್ಡು ಎಲ್ಲಿಂದ ಬರಬೇಕು? ಹಾಕಿಸಿದವರ ಬೇಲಿಯೂ ಮೋಟರ್ ಇಟ್ಟ ಕಡೆ ತೆರೆದೇ ಇರುತ್ತದೆ. ದಿನಕ್ಕೆ ಎರಡು ಸಲ ಓಡಾಡುವ ದಾರಿಗೆ ಯಾರೂ ಬೀಗ ಹಾಕುವುದಿಲ್ಲ. ಮಕ್ಕಳು ಹೋಗುವುದೂ ಅದೇ ದಾರಿಯಲ್ಲಿ.

ಆಮೇಲೆ ಹಗ್ಗ. ತೆಂಗಿನ ನಾರಿನ ಹಗ್ಗ ಇಳಿಬಿಟ್ಟೆವು, ಒಂದೇ ಮಳೆಗಾಲಕ್ಕೆ ಕೊಳೆತು ಕೈಗೆ ಬಂತು. ಹಸು ಕಟ್ಟುವ ತೆಳು ನೈಲಾನ್ ಹಗ್ಗ ಕೊಳೆಯಲಿಲ್ಲ, ಆದರೆ ಒದ್ದೆ ಕೈಯಲ್ಲಿ ಹಿಡಿತ ಸಿಗಲಿಲ್ಲ. ಮೊಳಕ್ಕೊಂದು ಗಂಟು ಹಾಕಿ ನೋಡಿದೆವು. ಏಳನೇ ಕ್ಲಾಸಿನವರು ಹತ್ತಿದರು, ಚಿಕ್ಕವರಿಗೆ ತೋಳಿನಲ್ಲಿ ಅಷ್ಟು ಶಕ್ತಿ ಇಲ್ಲ. ಕಾಲಿಡಲು ಏನಾದರೂ ಬೇಕೇ ಬೇಕು ಅನ್ನುವುದು ಅಲ್ಲಿ ಖಾತ್ರಿಯಾಯಿತು.

ಮೂರನೆಯದು ಟೈರು. ಸವೆದ ಬೈಕ್ ಟೈರುಗಳನ್ನು ಒಂದರ ಕೆಳಗೊಂದು ಕಟ್ಟಿ ಇಳಿಜಾರಿನ ಮೇಲೆ ಹಾಸಿದೆವು. ಮಕ್ಕಳು ಚಕಚಕನೆ ಹತ್ತಿದರು, ನಮಗೂ ಖುಷಿ. ತಿಂಗಳೊಂದೂವರೆಯಾದ ಮೇಲೆ ಹೊಂಡದ ಯಜಮಾನರು ಬೆಳಗ್ಗೆ ಪ್ರಾರ್ಥನೆ ಹೊತ್ತಿಗೇ ಶಾಲೆ ಗೇಟಿಗೆ ಬಂದರು. “ಮೇಷ್ಟ್ರೇ, ನಿಮ್ಮ ಟೈರಿನಿಂದ ನನ್ನ ಶೀಟ್ ತೂತಾಯ್ತು, ನೀರೆಲ್ಲ ಇಂಗೋಯ್ತು, ಟೊಮೆಟೊ ಒಣಗ್ತಾ ಐತೆ.” ಹೋಗಿ ನೋಡಿದರೆ ನಿಜ. ಸವೆದ ಟೈರಿನ ಒಳಗಿನ ತಂತಿ ಹೊರಗೆ ಬಂದು ಗಾಳಿಗೆ ಉಜ್ಜಿ ಉಜ್ಜಿ ಶೀಟ್ ಕೊಯ್ದಿತ್ತು. ಮುಕ್ಕಾಲು ಲಕ್ಷದ ಶೀಟ್ ಅದು. ತೇಪೆ ಹಾಕುವವನನ್ನು ಕೋಲಾರದಿಂದ ಕರೆಸಿದ್ದಕ್ಕೆ ಮೂರು ಸಾವಿರದ ಹತ್ತಿರ ಖರ್ಚು, ನನ್ನ ಜೇಬಿನದು. ಆ ಸುದ್ದಿ ನಾಲ್ಕೂ ಹಳ್ಳಿಗೆ ಹರಡಿತು. ವರ್ಷದ ತನಕ ಯಾರೂ ನಮ್ಮನ್ನು ಹೊಂಡದ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಶಾಲೆಯಲ್ಲೂ ಸಹೋದ್ಯೋಗಿಗಳು ಹೇಳಿದರು: “ಪಾಠ ಮಾಡ್ಕೊಂಡಿರಿ ಸಾರ್, ನಾಳೆ ಯಾವುದಾದ್ರೂ ಮಗುಗೆ ಏನಾದ್ರೂ ಆದ್ರೆ ನಿಮ್ಮ ತಲೆಗೇ ಬರುತ್ತೆ.”

ಕೊನೆಗೆ ಗೆದ್ದದ್ದು ಬೋರ್‌ವೆಲ್ಲಿನ ಹಳೇ ಎಚ್‌ಡಿಪಿಇ ಪೈಪು, ಅಂದರೆ ಗಟ್ಟಿ ಪ್ಲಾಸ್ಟಿಕ್ಕಿನದು. ಬೋರ್ ಬತ್ತಿದ ತೋಟಗಳಲ್ಲಿ ಅದು ಸುರುಳಿ ಸುರುಳಿಯಾಗಿ ಬಿದ್ದಿರುತ್ತದೆ, ಗುಜರಿಯಲ್ಲೂ ಅಗ್ಗ. ಮೊಳದುದ್ದ ತುಂಡು ಮಾಡಿ, ಎರಡೂ ತುದಿಗೆ ರಂಧ್ರ ಕೊರೆದು, 14 ಎಂಎಂ ಪ್ಲಾಸ್ಟಿಕ್ ಹಗ್ಗದ ಎರಡು ಎಳೆಗೆ ಪೋಣಿಸಿದರೆ ಏಣಿ. ಕತ್ತರಿಸಿದ ಅಂಚನ್ನು ಬೆಂಕಿಗೆ ಹಿಡಿದು ಮಡಚಲೇಬೇಕು, ಇಲ್ಲದಿದ್ದರೆ ಮತ್ತೆ ಶೀಟಿನ ಕಥೆ. ಮೆಟ್ಟಿಲಿಂದ ಮೆಟ್ಟಿಲಿಗೆ ಒಂದು ಗೇಣು, ಅದಕ್ಕಿಂತ ಹೆಚ್ಚು ಬೇಡ. ಈ ಪೈಪು ನೀರಿನಲ್ಲಿ ಮುಳುಗುವುದಿಲ್ಲ, ಏಣಿ ತೇಲಿ ಮೇಲೆ ಬಂದುಬಿಡುತ್ತದೆ. ಹಾಗಾಗಿ ಕೆಳತುದಿಗೆ ಭಾರ ಬೇಕು. ಸಿಮೆಂಟ್ ಚೀಲದಲ್ಲಿ ಮರಳು ತುಂಬಿದ್ದು ಬಿಸಿಲಿಗೆ ಪುಡಿಯಾಯಿತು. ಎರಡು ಲೀಟರಿನ ಕೂಲ್‌ಡ್ರಿಂಕ್ ಬಾಟಲಿಗೆ ಮರಳು ತುಂಬಿ ಕಟ್ಟಿದೆವು, ಇವತ್ತಿಗೂ ಹಾಗೇ ಇದೆ. ಮೇಲಿನ ತುದಿಯನ್ನು ಹಳೇ ದ್ರಾಕ್ಷಿ ತೋಟದ ಕಲ್ಲುಕಂಬ ಹೂತು ಅದಕ್ಕೆ ಬಿಗಿಯಬೇಕು. ಮರದ ಗೂಟವನ್ನು ನಂಬಬೇಡಿ, ಮಳೆಗೆ ಮಣ್ಣು ಸಡಿಲವಾದರೆ ಕಿತ್ತು ಬರುತ್ತದೆ. ಮೆಟ್ಟಿಲು ಜಾರದ ಹಾಗೆ ಹಾಕುವ ಒಂದು ಗಂಟಿದೆ, ಅದನ್ನು ಕಂಡುಹಿಡಿಯಲು ನನಗೂ ನಮ್ಮೂರಿನ ಒಬ್ಬ ಕುರಿ ಸಾಕುವವರಿಗೂ ಬಹಳ ದಿನ ಹಿಡಿಯಿತು. ಬರೆದು ತಿಳಿಸುವುದು ಕಷ್ಟ. ಬೇಕಾದವರು ಶಾಲೆಗೆ ಬನ್ನಿ, ಕೈಹಿಡಿದು ತೋರಿಸುತ್ತೇನೆ.

ನಾಲ್ಕೂ ಬದಿಗೆ ಒಂದೊಂದು ಏಣಿ. ಒಂದೇ ಸಾಕು ಅನ್ನುತ್ತಾರೆ, ಸಾಲುವುದಿಲ್ಲ. ಬಿದ್ದ ಮಗು ಏಣಿ ಎಲ್ಲಿದೆ ಅಂತ ಹುಡುಕುವುದಿಲ್ಲ, ಎದುರಿಗೆ ಕಂಡ ದಡಕ್ಕೆ ಕೈ ಚಾಚುತ್ತದೆ. ಹೊಂಡಕ್ಕೆ ಹಗ್ಗ ಐದು ಕೆಜಿ, ಸಾವಿರ ರೂಪಾಯಿ. ಪೈಪು, ಕಂಬ ಸಾಗಿಸಿದ ಟ್ರ್ಯಾಕ್ಟರ್ ಬಾಡಿಗೆ ಸೇರಿ ಹದಿನೈದು ಹದಿನಾರು ನೂರರಲ್ಲಿ ಮುಗಿಯುತ್ತದೆ. ಪಂಚಾಯಿತಿಯಲ್ಲಿ ಕೇಳಿದಾಗ, ಖಾಸಗಿ ಜಮೀನಿಗೆ ದುಡ್ಡು ಹಾಕಲು ಬರುವುದಿಲ್ಲ ಅಂದರು. ಮಕ್ಕಳ ಗ್ರಾಮಸಭೆಯಲ್ಲಿ ಆರನೇ ಕ್ಲಾಸಿನ ಹುಡುಗಿಯೊಬ್ಬಳು ಎದ್ದು ನಿಂತು “ನಮ್ಮ ಜೀವಕ್ಕೂ ಖಾಸಗಿ, ಸರ್ಕಾರಿ ಅಂತ ಇರುತ್ತಾ ಸಾರ್?” ಅಂತ ಕೇಳಿದಳು. ಆ ಪ್ರಶ್ನೆಯನ್ನು ನಾನು ಹೇಳಿಕೊಟ್ಟಿರಲಿಲ್ಲ. ದುಡ್ಡು ಬರಲಿಲ್ಲ, ಆದರೆ ಅವತ್ತು ಸಭೆಯಲ್ಲಿದ್ದ ಹಾಲಿನ ಡೇರಿಯವರು ಹತ್ತು ಹೊಂಡದ ಹಗ್ಗ ಕೊಡಿಸಿದರು. ಉಳಿದದ್ದಕ್ಕೆ ಹಳೇ ವಿದ್ಯಾರ್ಥಿಗಳು ಹಾಕಿದರು, ನಾನೂ ಒಂದಿಷ್ಟು ಹಾಕಿದೆ.

ಟೈರಿನ ಗಲಾಟೆಯ ನಂತರ ರೈತರನ್ನು ಒಪ್ಪಿಸಿದ್ದು ಮಕ್ಕಳ ಹೆಸರು ಹೇಳಿ ಅಲ್ಲ. “ಯಜಮಾನ್ರೇ, ನಾಯಿ ಬಿದ್ರೆ ಮೇಲೆ ಬರೋಕಾಗದೆ ಉಗುರಲ್ಲಿ ಶೀಟ್ ಪರಚಿ ಹರಿದಾಕುತ್ತೆ. ಏಣಿ ಇದ್ರೆ ಹತ್ಕೊಂಡು ಹೋಗುತ್ತೆ, ನಿಮ್ಮ ಶೀಟ್ ಉಳಿಯುತ್ತೆ” ಅಂದೆ. ಅದು ನಿಜವೂ ಹೌದು. ನಮ್ಮ ಏಣಿ ಹಿಡಿದು ಮೊದಲು ಮೇಲೆ ಬಂದದ್ದು ಒಂದು ನಾಯಿಮರಿಯೇ. ಈಗ ನಾಲ್ಕು ಹಳ್ಳಿಯ ನಲವತ್ತು ಚಿಲ್ಲರೆ ಹೊಂಡಗಳಲ್ಲಿ ಮೂವತ್ತಕ್ಕೂ ಹೆಚ್ಚು ಮುಗಿದಿವೆ. ಎಲ್ಲರಿಗಿಂತ ಹಟ ಮಾಡಿದ ಒಬ್ಬ ದೊಡ್ಡ ಹಿಡುವಳಿದಾರರನ್ನು ಒಪ್ಪಿಸಿದ ದಾರಿಯನ್ನು ಇಲ್ಲಿ ಬರೆಯುವುದಿಲ್ಲ, ಅವರೂ ಇದನ್ನು ಓದುತ್ತಾರೆ.

ಏಣಿ ಇದ್ದರೂ ಅದರವರೆಗೆ ತಲುಪುವಷ್ಟು ಹೊತ್ತು ಮಗು ತೇಲಬೇಕಲ್ಲ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಊರ ಕೊಳದಲ್ಲೇ ಬಿದಿರಿನ ಅಟ್ಟಣೆ ಕಟ್ಟಿ ಮಕ್ಕಳಿಗೆ ಈಜು ಕಲಿಸುತ್ತಾರೆ ಅಂತ ಓದಿದ್ದೆ. ನಮಗೆ ಅಟ್ಟಣೆಯೂ ಬೇಕಾಗಲಿಲ್ಲ. ದ್ರಾಕ್ಷಿ ತೋಟದಲ್ಲಿ ಬೋರ್ ನೀರು ತುಂಬಿಸುವ ಸಿಮೆಂಟ್ ತೊಟ್ಟಿ ಇರುತ್ತದೆ, ನಾಲ್ಕಡಿ ಆಳ. ಐದನೇ ಕ್ಲಾಸಿನ ಮಕ್ಕಳಿಗೆ ನೀರನ್ನು ಎದೆಮಟ್ಟಕ್ಕೆ ಇಡುತ್ತೇವೆ. ಚಿಕ್ಕವರಿಗೆ ಇನ್ನೂ ಇಳಿಸುತ್ತೇವೆ. ಕೆರೆಯಲ್ಲಿ ಕಲಿಸುವ ಯೋಚನೆಯನ್ನು ಮೊದಲೇ ಬಿಟ್ಟೆ. ಅಲ್ಲಿರುವುದು ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಟ್ಟ ನೀರು, ತಳದಲ್ಲಿ ಮಣ್ಣು ತೆಗೆದ ಗುಂಡಿಗಳೂ ಇವೆ. ಶಾಲೆಯ ಹೆಸರಿನಲ್ಲಿ ಮಾಡಲು ಮೇಲಿನಿಂದ ಅನುಮತಿ ಸಿಗಲಿಲ್ಲ. ಬೇಸಿಗೆ ರಜೆಯಲ್ಲಿ ಪೋಷಕರೇ ಬರಹದಲ್ಲಿ ಒಪ್ಪಿಗೆ ಕೊಟ್ಟು, ಮನೆಯ ಒಬ್ಬರು ತೊಟ್ಟಿ ಪಕ್ಕ ಕೂರುವ ಷರತ್ತಿನ ಮೇಲೆ ನಡೆಸಿದೆವು.

“ಈಜು ಕಲಿಸಿದರೆ ಇನ್ನೂ ಹೆಚ್ಚಾಗಿ ನೀರಿಗೆ ಹೋಗ್ತಾರೆ” ಅಂದವರು ಬಹಳ. ಅದಕ್ಕೇ ನಾವು ಈಜಿನ ಗತ್ತು ಕಲಿಸಲೇ ಇಲ್ಲ. ಬಿದ್ದ ಕೂಡಲೇ ಬಾಯಿ ಮುಚ್ಚುವುದು, ಬೆನ್ನ ಮೇಲೆ ತಿರುಗಿ ಮೂಗು ಮೇಲಿಟ್ಟು ತೇಲುವುದು, ಕಾಲು ಬಡಿದು ಅಂಚಿಗೆ ಬರುವುದು, ಏಣಿ ಹಿಡಿಯುವುದು, ಇಷ್ಟೇ. ಅದೂ ಮೈಮೇಲೆ ಯೂನಿಫಾರಂ ಇಟ್ಟುಕೊಂಡೇ. ಬೀಳುವ ಮಗು ಬಟ್ಟೆ ಬಿಚ್ಚಿಟ್ಟು ಬೀಳುವುದಿಲ್ಲ. ಹೆಣ್ಣುಮಕ್ಕಳ ತಾಯಂದಿರು ಮೊದಲ ವರ್ಷ ಕಳಿಸಲೇ ಇಲ್ಲ. ಬಿಸಿಯೂಟದ ಅಡುಗೆಯ ಒಬ್ಬ ಅಕ್ಕ ಚಿಕ್ಕಂದಿನಲ್ಲಿ ತವರಿನ ಬಾವಿಯಲ್ಲಿ ಈಜಿದವರು ಅಂತ ಗೊತ್ತಾಯಿತು. ಎರಡನೇ ವರ್ಷ ಬೆಳಗ್ಗೆ ಹೊತ್ತು ಹೆಣ್ಣುಮಕ್ಕಳಿಗೇ ಬಿಟ್ಟು, ಅವರ ಕೈಗೆ ಕೊಟ್ಟೆವು. ಅವರ ಬ್ಯಾಚಿನ ಹುಡುಗಿಯರು ನನ್ನ ಬ್ಯಾಚಿನ ಹುಡುಗರಿಗಿಂತ ಬೇಗ ತೇಲುತ್ತಾರೆ, ಹುಡುಗರ ಹಾಗೆ ನೀರಿನ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ.

ಒಬ್ಬನನ್ನು ಉಳಿಸಲು ಇನ್ನೊಬ್ಬ ಧುಮುಕಿ ಇಬ್ಬರು ಮೂವರು ಹೋಗುವುದನ್ನು ಪತ್ರಿಕೆಯಲ್ಲಿ ಓದುತ್ತಲೇ ಇರುತ್ತೇವೆ. ಹಾಗಾಗಿ ಪ್ರಾರ್ಥನೆ ಮುಗಿದ ಮೇಲೆ ವಾರಕ್ಕೊಮ್ಮೆ ಎಲ್ಲರೂ ಕೂಗಿ ಹೇಳುವ ಮಾತು: “ಕೂಗು, ಎಸೆ, ಇಳಿಬೇಡ!” ಎಸೆಯಲು ಪ್ರತಿ ಮೋಟರ್ ಕಂಬಕ್ಕೂ ಹಗ್ಗ ಕಟ್ಟಿದ ಐದು ಲೀಟರಿನ ಎಣ್ಣೆ ಕ್ಯಾನು ನೇತು ಹಾಕಿದ್ದೇವೆ. ಖಾಲಿ ಕ್ಯಾನು ಗಾಳಿಗೆ ವಾಪಸ್ ಬರುತ್ತದೆ. ಒಳಗೆ ಒಂದು ಲೋಟ ನೀರು ಹಾಕಿ ಮುಚ್ಚಳ ಬಿಗಿ ಮಾಡಿ, ಗುರಿ ಇಟ್ಟ ಕಡೆ ಬೀಳುತ್ತದೆ. ಮೇಲೆ ಎಳೆದ ಮಗುವಿನ ಹೊಟ್ಟೆ ಒತ್ತುವುದು, ತಲೆಕೆಳಗೆ ಮಾಡಿ ತಿರುಗಿಸುವುದು ನಮ್ಮ ಕಡೆ ಹಳೇ ರೂಢಿ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು, ಎದೆ ಒತ್ತಬೇಕು, ಇನ್ನೊಬ್ಬರು 108ಕ್ಕೆ ಫೋನ್ ಮಾಡಬೇಕು ಅನ್ನುವುದನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ ನರ್ಸ್ ಬಂದು ಪೋಷಕರಿಗೆ ಮಾಡಿಸಿ ತೋರಿಸಿದರು. ಹೊಟ್ಟೆ ಒತ್ತಿದರೆ ಒಳಗಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ ಅಂದಾಗ ಹಿರಿಯರೂ ಒಪ್ಪಿದರು.

ನಡುವೆ ಇನ್ನೊಂದು ಕೆಲಸವೂ ಆಯಿತು. ನಿಂತ ನೀರಲ್ಲಿ ಸೊಳ್ಳೆ ಹುಳು ಕಂಡು, ಆರೋಗ್ಯ ಇಲಾಖೆಯವರಿಂದ ಗಪ್ಪಿ ಮೀನು ತಂದು ಕೆಲವು ಹೊಂಡಗಳಿಗೆ ಬಿಟ್ಟೆವು. ಸೊಳ್ಳೆ ಹುಳು ಕಡಿಮೆಯಾಯಿತು. ಆದರೆ ಮೀನು ನೋಡಲು ಮಕ್ಕಳು ಅಂಚಿಗೆ ಬರತೊಡಗಿದರು. ಈಗ ಗಪ್ಪಿಯನ್ನು ಶಾಲೆಯ ಸಣ್ಣ ತೊಟ್ಟಿಯಲ್ಲಿ ಸಾಕುತ್ತೇವೆ, ಮೀನು ನೋಡುವ ಆಸೆ ಅಲ್ಲೇ ತೀರಲಿ ಅಂತ. ಹೊಂಡಕ್ಕೆ ಬಿಡುವುದಾದರೆ ಊರಿಂದ ದೂರ ಇರುವುದಕ್ಕೆ ಮಾತ್ರ.

ಇನ್ನು ದಸರಾ ರಜೆಯ ಸಂಗತಿ. ಐದನೇ ಕ್ಲಾಸಿನ ಹುಡುಗ ಅಜ್ಜನ ಜೊತೆ ಮೋಟರ್ ಹಾಕಲು ಹೋಗಿದ್ದ. ಅಜ್ಜ ಗೇಟ್‌ವಾಲ್ ತಿರುಗಿಸಲು ಆಚೆ ಹೋದಾಗ ಇವನು ಮೋಟರ್ ಪೈಪಿನ ಕೆಳತುದಿಯ ಫುಟ್‌ವಾಲ್ವಿಗೆ ಸಿಕ್ಕಿದ ಕಸ ತೆಗೆಯಲು ಬಗ್ಗಿ ಜಾರಿದ. ತುಂಬಿದ ಹೊಂಡ. ಅಜ್ಜನಿಗೆ ಕಿವಿ ಮಂದ. ಅವರು ತಿರುಗಿ ಬರುವಷ್ಟರಲ್ಲಿ ಹುಡುಗ ಒದ್ದೆ ಬಟ್ಟೆಯಲ್ಲಿ ದಡದ ಮೇಲೆ ಕೂತು ಕೆಮ್ಮುತ್ತಿದ್ದ. “ಬೆನ್ನ ಮೇಲೆ ತಿರುಗಿದೆ ಸಾರ್, ಆಕಾಶ ಕಾಣಿಸ್ತು, ಕಾಲು ಬಡಿದೆ, ಪೈಪು ತಲೆಗೆ ತಗುಲ್ತು” ಅಂತ ಹೇಳಿದ. ಟೈರಿನ ದಿನ ಗೇಟಿಗೆ ಬಂದು ಜಗಳವಾಡಿದ ಯಜಮಾನರೇ ಆ ಅಜ್ಜ. ಈಗ ಯಾವ ಹೊಂಡದ ಏಣಿ ಸಡಿಲವಾದರೂ ಮೊದಲ ಫೋನ್ ಅವರದೇ.

ಮಾಡುವವರಿಗೆ ಒಂದೆರಡು ಮಾತು. ಬಿಸಿಲಿಗೆ ಹಗ್ಗ ಎರಡು ವರ್ಷ ಬಾಳಿಕೆ, ಮೂರನೇ ಮಳೆಗಾಲಕ್ಕೆ ಬಿಡಬೇಡಿ. ಮೇ ತಿಂಗಳಲ್ಲಿ ನೀರು ತಳ ಮುಟ್ಟಿದಾಗ ಮೆಟ್ಟಿಲುಗಳ ಪಾಚಿ ಉಜ್ಜಿ, ಕೆಳಗಿನ ಬಾಟಲಿ ನೋಡಿ. ದಸರಾ, ಬೇಸಿಗೆ ರಜೆಗೆ ಮುಂಚಿನ ದಿನ ಪೋಷಕರನ್ನು ಕರೆದು ಅವರವರ ಹೊಂಡದ ಏಣಿಗೆ ಅವರೇ ಜೋತು ಬಿದ್ದು ಪರೀಕ್ಷೆ ಮಾಡಲು ಹೇಳಿ. ದೊಡ್ಡವರ ಭಾರ ತಡೆದರೆ ಮಕ್ಕಳದ್ದು ತಡೆಯುತ್ತದೆ.

ಇದೆಲ್ಲ ಶೀಟ್ ಹಾಕಿದ ಹೊಂಡಕ್ಕೆ ಮಾತ್ರ. ಕಲ್ಲು ತೆಗೆದು ಬಿಟ್ಟುಹೋದ ಕ್ವಾರಿ ಗುಂಡಿಗಳಿಗೆ ಈ ಏಣಿ ಆಗುವುದಿಲ್ಲ, ಗೋಡೆ ನೆಟ್ಟಗಿರುತ್ತದೆ, ಆಳವೂ ಗೊತ್ತಾಗುವುದಿಲ್ಲ. ಪಕ್ಕದ ಹಳ್ಳಿಯ ಅಂಥ ಒಂದು ಗುಂಡಿಯಲ್ಲಿ ಖಾಲಿ ಡ್ರಮ್ಮು ಕಟ್ಟಿದ ತೇಲುವ ಹಗ್ಗವನ್ನು ಅಡ್ಡಡ್ಡ ಎಳೆದು ನೋಡುತ್ತಿದ್ದೇವೆ. ಈ ಮಳೆಗಾಲ ತಡೆದರೆ ಅದರ ಲೆಕ್ಕವನ್ನೂ ಬರೆಯುತ್ತೇನೆ. ಕ್ವಾರಿಯಲ್ಲಿ ಬೇರೇನಾದರೂ ಮಾಡಿ ಗೆದ್ದವರಿದ್ದರೆ ದಯವಿಟ್ಟು ಹೇಳಿ.